ಹೆಸರು ಕೆತ್ತಿದ ನಾಡು: ಮಲಪ್ರಭೆಯ ದಡ ಮತ್ತು ಸಮಕಾಲೀನ ಕಲೆ



ಅಂತರರಾಷ್ಟ್ರೀಯ ಮಟ್ಟದ ಸಮಕಾಲೀನ ಕಲಾಮೇಳವೊಂದು ಬಾಗಲಕೋಟೆ ಜಿಲ್ಲೆಯಲ್ಲಿ ನಡೆಯಬಹುದೆ, ನಡೆಯುವುದಾದರೆ ಯಾವ ಕರಾರಿನ ಮೇಲೆ ನಡೆಯಬೇಕು ಎಂಬುದು ಈ ಉಪನ್ಯಾಸದ ವಿಷಯ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹೆಸರು ಎತ್ತಿದೊಡನೆ ಕೇಳುವವರ ಕಣ್ಣ ಮುಂದೆ ಗುಡಿಗಳು ಬರುತ್ತವೆ. ಗುಡಿಯ ಹಿನ್ನೆಲೆಯಲ್ಲಿ ವೇದಿಕೆ, ವೇದಿಕೆಯ ಮೇಲೆ ಬಣ್ಣದ ಬೆಳಕು, ಎರಡು ಮೂರು ದಿನದ ಸಂಭ್ರಮ ಎಂಬ ಚಿತ್ರ ತಾನಾಗಿ ಮೂಡುತ್ತದೆ. ಈ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಸೀಮೆಗೆ ಕಲಾಮೇಳ ನಡೆಸುವ ಅರ್ಹತೆ ಇದೆ ಎಂಬುದು ನನ್ನ ವಾದ. ಆ ಅರ್ಹತೆ ಬಂದಿರುವುದು ಇಲ್ಲಿ ಇಂದಿಗೂ ನಡೆಯುತ್ತಿರುವ ಕೆಲಸದಿಂದ, ಮಗ್ಗದಿಂದ, ಉಳಿಯಿಂದ, ರಂಗದಿಂದ; ಜೊತೆಗೆ ಆ ಕೆಲಸ ಮಾಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತುವಷ್ಟು ಗೌರವಿಸಿದ ಒಂದು ಹಳೆಯ ನಡವಳಿಕೆಯಿಂದ. ಆ ನಡವಳಿಕೆ ನಡುವೆ ಎಲ್ಲೋ ಕಡಿದುಹೋಯಿತು. ಅದನ್ನು ಮತ್ತೆ ಕೂಡಿಸದೆ ಬರುವ ಯಾವ ಮೇಳವೂ ಇಲ್ಲಿನ ಜನಕ್ಕೆ ಹೊರಗಿನವರ ಡೇರೆಯಾಗಿಯೇ ಉಳಿಯುತ್ತದೆ.

ಮೊದಲು ಬೇರೆ ಊರುಗಳನ್ನು ನೋಡೋಣ. ವೆನಿಸ್ ನಗರ 1895ರಲ್ಲಿ ಮೊದಲ ಬಿನಾಲೆಯನ್ನು ನಡೆಸಿತು. ಎರಡು ವರ್ಷಕ್ಕೊಮ್ಮೆ ದೇಶದೇಶಗಳ ಕಲೆಯನ್ನು ಒಂದೂರಿಗೆ ತರುವ ಪದ್ಧತಿಗೆ ಅದೇ ಮೂಲ. ನಮ್ಮ ಮಗ್ಗುಲಲ್ಲೇ ಇರುವ ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಕೊಚ್ಚಿ–ಮುಜಿರಿಸ್ ಬಿನಾಲೆ ಶುರುವಾಯಿತು. ಕೇರಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆ ನಿಂತ ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅದನ್ನು ಕಟ್ಟಿದರು. ಆಸ್ಪಿನ್‌ವಾಲ್ ಹೌಸ್‌ನಂಥ ಹಳೆಯ ವ್ಯಾಪಾರದ ಕಟ್ಟಡಗಳೂ ಸಾಂಬಾರ ಪದಾರ್ಥಗಳ ಉಗ್ರಾಣಗಳೂ ಅಲ್ಲಿ ಪ್ರದರ್ಶನದ ಅಂಗಳಗಳಾದವು. ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದ ಉದಾಹರಣೆ ಜಪಾನಿನ ನಿಗಾಟ ಪ್ರಾಂತದ ಎಚಿಗೊ–ತ್ಸುಮಾರಿ. ಹಿಮ ಬೀಳುವ ಗುಡ್ಡಗಾಡು, ಭತ್ತದ ಗದ್ದೆ, ಪಟ್ಟಣಕ್ಕೆ ಹೊರಟುಹೋದ ಯುವಕರು, ಮುಚ್ಚಿದ ಶಾಲೆಗಳು, ಬಾಗಿಲು ಹಾಕಿದ ಮನೆಗಳು: ಇಂಥ ಹಳ್ಳಿಗಳಲ್ಲಿ 2000ದಿಂದ ಮೂರು ವರ್ಷಕ್ಕೊಮ್ಮೆ ಕಲಾಮೇಳ ನಡೆಯುತ್ತಿದೆ. ಕಲಾವಿದರು ಹಳ್ಳಿಗೆ ಬಂದು, ಹಳ್ಳಿಯವರ ಜೊತೆ ಕೂಡಿ, ಪಾಳುಮನೆಯಲ್ಲೇ ಕೃತಿ ಕಟ್ಟುತ್ತಾರೆ. ಕೊಚ್ಚಿಗಾಗಲಿ ನಿಗಾಟಕ್ಕಾಗಲಿ ಕಲೆ ಬಂದದ್ದು ಹಿಂದಿನ ಕೆಲಸ ನಿಂತುಹೋದ ಜಾಗಕ್ಕೆ. ಉಗ್ರಾಣ ಖಾಲಿಯಾಗಿತ್ತು, ಶಾಲೆ ಖಾಲಿಯಾಗಿತ್ತು. ಬಾಗಲಕೋಟೆ ಸೀಮೆಯ ಸ್ಥಿತಿ ಹಾಗಿಲ್ಲ. ಇಲ್ಲಿ ಕೆಲಸ ಸೊರಗಿದೆ, ನಿಂತಿಲ್ಲ. ಆದ್ದರಿಂದ ಅಲ್ಲಿನ ಮಾದರಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿಡಲು ಬರುವುದಿಲ್ಲ.

ಇಲ್ಲಿನ ಮಾದರಿ ಇಲ್ಲಿಯೇ ಇದೆ, ಕಲ್ಲಿನ ಮೇಲೆ ಬರೆದಿದೆ. ಬಾದಾಮಿಯ ಮೂರನೆಯ ಗುಹೆಗೆ 578ರ ತೇದಿ ಇದೆ. ಚಾಲುಕ್ಯ ಮನೆತನದ ಮಂಗಲೇಶ ಅದನ್ನು ಮಾಡಿಸಿದ. ಐಹೊಳೆಯ ಮೇಗುತಿಯ ಶಾಸನ 634ರದು. ಅದನ್ನು ಬರೆದ ರವಿಕೀರ್ತಿ ಗುಡಿ ಕಟ್ಟಿಸಿದವನೂ ತಾನೇ, ಕಾವ್ಯ ಹೇಳಿದವನೂ ತಾನೇ ಎಂದು ಹೇಳಿಕೊಂಡು, ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡಿದ್ದಾನೆ. ಇವು ದೊರೆ ಮತ್ತು ಕವಿಯ ಮಾತುಗಳು. ಬೇರೆ ನಾಡುಗಳಲ್ಲೂ ಸಿಗುತ್ತವೆ. ಮಲಪ್ರಭೆಯ ಈ ಕಣಿವೆಯ ವಿಶೇಷ ಇರುವುದು ಕೈಕೆಲಸದವರ ಹೆಸರುಗಳಲ್ಲಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದರ ಮೂಡಣ ಬಾಗಿಲಲ್ಲಿ ಸೂತ್ರಧಾರಿ, ಎಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರಿದೆ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟ ಸಂಗತಿ ಇದೆ. ತೆಂಕಣ ದಿಕ್ಕಿನ ಸೂತ್ರಧಾರಿ ಎನಿಸಿಕೊಂಡ ಸರ್ವಸಿದ್ಧಿ ಆಚಾರಿಯನ್ನು ಇನ್ನೊಂದು ಬರಹ ಹೊಗಳುತ್ತದೆ. ಪಾಪನಾಥ ಗುಡಿಯ ಗೋಡೆಯಲ್ಲಿ ರೇವಡಿ ಓವಜ್ಜನ ಹೆಸರಿದೆ, ಬಲದೇವನೆಂಬ ಶಿಲ್ಪಿಯ ಹೆಸರೂ ಇಲ್ಲಿ ಸಿಗುತ್ತದೆ. ಮನೆ, ದೇಗುಲ ಕಟ್ಟುವುದರಲ್ಲಿ ನರಸೊಬ್ಬನಿಗೆ ಸಮನಾದವನು ಜಂಬೂದ್ವೀಪದಲ್ಲೇ ಇಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬರ್ಥದ ಮಾತು ಐಹೊಳೆಯ ಒಂದು ಬರಹದಲ್ಲಿದೆ. ಪಟ್ಟದಕಲ್ಲಿಗೆ ಕಲ್ಲು ಒದಗಿಸಿದ ಕ್ವಾರಿಗಳ ಬಂಡೆಗಳಲ್ಲೂ ಕಲ್ಲುಕುಟಿಗರ ಹೆಸರು, ಗುರುತುಗಳನ್ನು ವಿದ್ವಾಂಸರು ಓದಿದ್ದಾರೆ. ದೊರೆಯ ಗುಡಿಯಲ್ಲಿ ಕೆಲಸದವನ ಹೆಸರಿಗೆ ಬಾಗಿಲಲ್ಲೇ ಜಾಗ ಸಿಕ್ಕಿತು ಎಂಬುದು ಎಂಟನೆಯ ಶತಮಾನದ ಮಟ್ಟಿಗೆ ಸಣ್ಣ ವಿಷಯವಲ್ಲ. ಇದೇ ಲೋಕಮಹಾದೇವಿ, ಹಿಂದೆ ವಿಜಯಾದಿತ್ಯ ಈ ನಾಡಿನ ಗಂಧರ್ವರಿಗೆ, ಎಂದರೆ ಹಾಡುವವರಿಗೆ, ನಡೆಸಿಕೊಟ್ಟಿದ್ದ ಕಟ್ಟಳೆಗಳನ್ನು ತಾನೂ ಸ್ಥಿರಪಡಿಸಿದಳೆಂದು ಅಲ್ಲಿಯೇ ಬರೆಸಿದ್ದಾಳೆ. ಕಲಾವಿದರ ಹಕ್ಕನ್ನು ಎಲ್ಲರೂ ಓದುವ ಜಾಗದಲ್ಲಿ ದಾಖಲಿಸಿದ ಕ್ರಮ ಅದು.

ಇನ್ನೊಂದು ಸಂಗತಿ. ಈ ಕಣಿವೆ ಹೊರಗಿನವರಿಗೆ ತೆರೆದಿತ್ತು. ವಿರೂಪಾಕ್ಷ ಗುಡಿಯ ರೂಪಕ್ಕೂ ಕಂಚಿಯ ಕೈಲಾಸನಾಥ ಗುಡಿಗೂ ಇರುವ ನೆಂಟಸ್ತಿಕೆಯನ್ನು ಕಲಾ ಇತಿಹಾಸಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಆ ಕಂಚಿಯ ಗುಡಿಯ ಕಂಬದಲ್ಲೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಗೆದ್ದ ದೊರೆ ಆ ಗುಡಿಯ ಸಂಪತ್ತನ್ನು ಅದಕ್ಕೇ ಬಿಟ್ಟುಕೊಟ್ಟ ವಿಚಾರ ಅದರಲ್ಲಿದೆ. ಪಟ್ಟದಕಲ್ಲಿನಲ್ಲಿ ಉತ್ತರದ ರೇಖಾನಾಗರ ಶಿಖರವೂ ದ್ರಾವಿಡ ವಿಮಾನವೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. 1987ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಮುಖ್ಯವಾಗಿ ಎತ್ತಿ ಹೇಳಿದ್ದು ಈ ಕೂಡುವಿಕೆಯನ್ನೇ. ಎರಡನೆಯ ಕೀರ್ತಿವರ್ಮನ ಕಾಲದಲ್ಲಿ ಗಂಗೆಯ ಬಡಗಣ ದಡದಿಂದ ಬಂದ ಜ್ಞಾನಶಿವನೆಂಬ ಆಚಾರ್ಯ ಇಲ್ಲಿ ಒಂದು ಕಂಬ ನಿಲ್ಲಿಸಿದ. ಅದರ ಶಾಸನ ಎರಡು ಲಿಪಿಗಳಲ್ಲಿದೆ. ಒಂದು ಬಡಗಣ ಸಿದ್ಧಮಾತೃಕೆ, ಇನ್ನೊಂದು ಇಲ್ಲಿಯ ಲಿಪಿ. ದೂರದಿಂದ ಬಂದವನು ತನ್ನ ಅಕ್ಷರವನ್ನೂ ಬಿಡಲಿಲ್ಲ, ಊರವರ ಅಕ್ಷರವನ್ನೂ ಬಿಡಲಿಲ್ಲ. ಅಂತರರಾಷ್ಟ್ರೀಯ ಕಲಾಮೇಳದ ಬಗ್ಗೆ ಯೋಚಿಸುವವರು ಆ ಕಂಬದ ಮುಂದೆ ತುಸು ಹೊತ್ತು ನಿಂತು ಬರುವುದು ಒಳ್ಳೆಯದು. ಐಹೊಳೆಯ ನೂರಕ್ಕೂ ಮಿಕ್ಕ ಗುಡಿಗಳಲ್ಲಿ ಚಪ್ಪಟೆ ಚಾವಣಿ, ಇಳಿಜಾರು ಚಾವಣಿ, ಗಜಪೃಷ್ಠ, ಗುಹೆ, ಶಿಖರ ಎಲ್ಲವನ್ನೂ ಕಾಣುತ್ತೇವೆ. ಹಿಂದೆ ಇಲ್ಲದ್ದನ್ನು ಮಾಡಿ ನೋಡಬೇಕೆಂಬ ಹಂಬಲ ಅಲ್ಲಿ ಎದ್ದು ಕಾಣುತ್ತದೆ. ತಮ್ಮ ಕಾಲಕ್ಕೆ ಅವು ಅತ್ಯಂತ ಹೊಸ ಕೃತಿಗಳು. ಇಂದು ನಾವು ಪರಂಪರೆ ಎಂದು ಕೈಮುಗಿಯುವುದು ಅಂದಿನ ಪ್ರಯೋಗಕ್ಕೆ.

ಈಗ ಇಂದಿನ ಇಳಕಲ್ಲಿಗೆ ಬರೋಣ. ಇಳಕಲ್ ಸೀರೆಯನ್ನು ಉಟ್ಟವರು ಲಕ್ಷಾಂತರ. ಅದು ನೇಯುವಾಗ ಹೇಗೆ ಕೂಡುತ್ತದೆ ಎಂಬುದನ್ನು ಕಂಡವರು ಕಡಿಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇದ್ದರೂ ಸೆರಗಿಗೆ, ದಡಿಗೆ ರೇಷ್ಮೆ ಬೇಕು. ಈ ಎರಡು ಹಾಸುಗಳನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೇ ಕೊಂಡಿ. ಹೀಗಾಗಿ ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಉದ್ದ ಹಾಸು ಹಾಕಿ ಒಂದರ ಹಿಂದೊಂದು ಸೀರೆ ಕತ್ತರಿಸಿಕೊಳ್ಳುವ ಸುಲಭದ ದಾರಿ ಇದರಲ್ಲಿಲ್ಲ. ಕೊಂಡಿ ಹಾಕುವುದು, ಕಂಡಿಕೆ ಸುತ್ತುವುದು, ನೂಲಿಗೆ ಗಂಜಿ ಹಾಕುವುದು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ನಡೆಯುತ್ತದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಲಾಳಿ ಓಡುವುದು ಅದರ ನಂತರ. ಟೋಪ್ ತೆನಿ ಸೆರಗಿನಲ್ಲಿ ಕೆಂಪು ಬಿಳುಪು ಒಂದಕ್ಕೊಂದು ಕಚ್ಚಿಕೊಂಡು ಜೋಳದ ತೆನೆಯಂತೆ, ಹಣಿಗೆಯಂತೆ, ಕೋಟೆಯ ತೆನೆಗಳಂತೆ ಮೇಲೇಳುತ್ತವೆ. ದಡಿಯಲ್ಲಿ ಗೋಮಿ, ಚಿಕ್ಕಿಪರಾಸು ಎಂಬ ವಿನ್ಯಾಸಗಳು. ಇಷ್ಟು ಲೆಕ್ಕಾಚಾರ ತಲೆಯಲ್ಲಿಟ್ಟುಕೊಂಡು ನೇಯುವವನ ಹೆಸರು ಸೀರೆಯ ಯಾವ ಅಂಚಿನಲ್ಲೂ ಇಲ್ಲ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಸಂತೋಷ. ಆ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಕೊಂಡಿ ಹಾಕಿದವಳ ಹೆಸರು, ಹೊಸ ದಡಿ ಕಟ್ಟಿದವನ ಹೆಸರು ಅದರ ವ್ಯಾಪ್ತಿಗೆ ಬರುವುದಿಲ್ಲ. ವಿದ್ಯುತ್ ಮಗ್ಗದ ನಕಲು ಅರ್ಧ ಬೆಲೆಗೆ ಪೇಟೆಗೆ ಬಂದಾಗ ಕೈಮಗ್ಗದವನಿಗೆ ಉಳಿಯುವ ಆಧಾರ ತನ್ನ ಕೈಯ ಗುರುತು ಒಂದೇ. ಅದನ್ನೇ ನಾವು ಅವನಿಗೆ ಕೊಟ್ಟಿಲ್ಲ.

ಕಲ್ಲಿನ ಕಥೆಯೂ ಇದಕ್ಕೆ ದೂರವಿಲ್ಲ. ಇಳಕಲ್ ಸುತ್ತಿನ ಕೆಂಪು ಗ್ರಾನೈಟ್ ದೇಶ ವಿದೇಶಗಳಿಗೆ ಹೋಗುತ್ತದೆ, ಹೆಚ್ಚಾಗಿ ದಿಮ್ಮಿಯಾಗಿ, ಹೊಳಪು ಕೊಟ್ಟ ಹಲಗೆಯಾಗಿ. ಕಲ್ಲಿಗೆ ರೂಪ ಕೊಡುವ ಕೆಲಸವೂ ಅದರ ಗಳಿಕೆಯೂ ಬೇರೆಲ್ಲೋ ಆಗುತ್ತವೆ. ಮನುಷ್ಯರ ವಿಷಯದಲ್ಲೂ ಹಾಗೆಯೇ ಆಗಿದೆ. ಆಧುನಿಕ ಕರ್ನಾಟಕದ ಕಲಾಶಿಕ್ಷಣದಲ್ಲಿ ದೊಡ್ಡ ಹೆಸರಾದ ಆರ್. ಎಂ. ಹಡಪದ ಬಾದಾಮಿಯಲ್ಲಿ ಹುಟ್ಟಿದವರು. ಅವರ ಕೆನ್ ಕಲಾಶಾಲೆ ಬೆಳೆದದ್ದು ಬೆಂಗಳೂರಿನಲ್ಲಿ. ಅವರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಬಡ ಮನೆಯ ಎಷ್ಟೋ ಹುಡುಗರನ್ನು ಅವರು ಕಲಾವಿದರನ್ನಾಗಿ ಮಾಡಿದರು. ಆದರೆ ಚಿತ್ರಕಲಾ ಪರಿಷತ್ತು, 2003ರಿಂದ ಅದು ನಡೆಸುತ್ತಿರುವ ಚಿತ್ರಸಂತೆ, ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ, ಖಾಸಗಿ ಗ್ಯಾಲರಿಗಳು ಎಲ್ಲವೂ ಒಂದೇ ನಗರದಲ್ಲಿ ಕೂಡಿಕೊಂಡಾಗ ಬಾದಾಮಿಯ ಹುಡುಗನಿಗೆ ಊರು ಬಿಡುವುದೇ ಕಲಾವಿದನಾಗುವ ಮೊದಲ ಮೆಟ್ಟಿಲಾಗುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಎದುರಾಗುತ್ತದೆ. ಸೀರೆ ನೇಯುವುದು ಕಸುಬು, ಸಮಕಾಲೀನ ಕಲೆ ಬೇರೆ. ಅದು ಪ್ರಶ್ನೆ ಕೇಳುತ್ತದೆ, ಕಸುಬು ಪುನರಾವರ್ತನೆ ಮಾಡುತ್ತದೆ ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ನೇಯ್ದದ್ದೆಲ್ಲವನ್ನೂ ಕಲಾಕೃತಿ ಎಂದು ಕರೆದು ಗೋಡೆಗೆ ತೂಗುಹಾಕಿದರೆ ನೇಕಾರನಿಗೂ ಉಪಕಾರವಿಲ್ಲ, ಕಲೆಗೂ ಇಲ್ಲ. ಆದರೆ ಈ ಗೆರೆ ಈ ನೆಲದಲ್ಲಿ ಹಿಂದೆ ಇರಲಿಲ್ಲ. ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಬರಹ ಅವನು ಮಾಡಿದ ಮನೆ, ಅರಮನೆ, ವಾಹನ, ಆಸನ, ಮಂಚಗಳನ್ನು ಒಂದೇ ಉಸುರಿನಲ್ಲಿ ಹೇಳುತ್ತದೆ. ಗುಡಿ ಕಟ್ಟಿದ ಸೂತ್ರಧಾರಿಗೆ ಮಂಚ ಮಾಡುವುದು ಕೀಳಾಗಿ ಕಾಣಲಿಲ್ಲ, ಬರೆಸಿದವರಿಗೂ ಕಾಣಲಿಲ್ಲ. ಪುನರಾವರ್ತನೆಯ ಮಾತೂ ಪೂರ್ತಿ ನಿಜವಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೂಡಿಸುವ ಉಪಾಯ ಯಾರೋ ಒಬ್ಬರು ಒಂದು ದಿನ ಯೋಚಿಸಿ ಕಂಡುಕೊಂಡದ್ದು. ದುಬಾರಿ ನೂಲನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ ಬಳಸಿ ಬಡ ಹೆಂಗಸಿಗೂ ರೇಷ್ಮೆಯ ಸೆರಗು ಎಟಕುವಂತೆ ಮಾಡಿದ ವಿಚಾರ ಅದು. ಬೇಡಿಕೆ ಕುಗ್ಗಿ ಕೂಲಿ ಇಳಿದಾಗ ಮಗ್ಗ ಹೊಸದನ್ನು ಯೋಚಿಸುವುದನ್ನು ನಿಲ್ಲಿಸುತ್ತದೆ. ನಿಲ್ಲಿಸಿದ್ದಕ್ಕೆ ಕಾರಣ ಹಸಿವು. ಹೊರಗಿನ ಕಲಾವಿದನೊಬ್ಬ ಬಂದು ತನ್ನ ನಕ್ಷೆ ಕೊಟ್ಟು, ಇಷ್ಟು ಗಜ ನೇಯ್ದು ಕೊಡು ಎಂದು ಕೂಲಿ ತೆತ್ತು ಹೋದರೆ ಅದು ಇನ್ನೊಬ್ಬ ಸಾವುಕಾರ ಬಂದು ಹೋದಂತೆ. ನೇಕಾರ, ಕೊಂಡಿ ಹಾಕುವ ಹೆಣ್ಣುಮಗಳು, ಕಲಾವಿದ ಮೂವರೂ ಕೃತಿಯ ಕರ್ತೃಗಳೆಂದು ಮೊದಲೇ ಒಪ್ಪಂದವಾಗಬೇಕು. ಕೃತಿ ಮಾರಿದರೆ ಬೆಲೆಯಲ್ಲಿ ಪಾಲು, ಬೇರೆ ದೇಶಕ್ಕೆ ಹೋದರೆ ಹೆಸರು ಜೊತೆಗೆ ಹೋಗಬೇಕು. ನನ್ನ ಕರಾರುಗಳಲ್ಲಿ ಇದು ಮೊದಲನೆಯದು. ಉಳಿದವುಗಳನ್ನು ಬೇಕಾದರೆ ಚರ್ಚಿಸಿ ಸಡಿಲಿಸಬಹುದು, ಇದನ್ನು ಸಡಿಲಿಸಬಾರದು.

ಎರಡನೆಯ ಆಕ್ಷೇಪ ಸ್ಮಾರಕಗಳ ಕಡೆಯಿಂದ ಬರುತ್ತದೆ. ಮರಳುಗಲ್ಲಿನ ಗುಡಿಗಳ ಹತ್ತಿರ ದೊಡ್ಡ ಜನಸಂದಣಿ, ಧ್ವನಿವರ್ಧಕ, ದೀಪಗಳ ಕಾವು ಒಳ್ಳೆಯದಲ್ಲ. ಕಾಯ್ದೆಯೂ ಬಿಗಿಯಾಗಿದೆ: ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗುಡಿಗಳನ್ನು ಅವುಗಳ ಪಾಡಿಗೆ ಬಿಡಬೇಕು. ಐಹೊಳೆಯಲ್ಲಿ ಜನ ತಲೆಮಾರುಗಳಿಂದ ಗುಡಿಗಳ ನಡುವೆಯೇ ಮನೆ ಮಾಡಿಕೊಂಡು ಬದುಕಿದ್ದಾರೆ. ಲಾಡಖಾನ ಗುಡಿ, ಗೌಡರ ಗುಡಿ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಆ ಮನೆಗಳ ಸ್ಥಳಾಂತರದ ಮಾತು ಎಷ್ಟೋ ವರ್ಷಗಳಿಂದ ನಡೆದಿದೆ. ಸಂರಕ್ಷಣೆಗಾಗಿ ತಮ್ಮ ಮನೆ ಬಿಡಿ ಎಂದು ಅವರಿಗೆ ಹೇಳಿ, ಅದೇ ಜಾಗದಲ್ಲಿ ಮೇಳದ ವೇದಿಕೆ ಹಾಕುವುದು ನ್ಯಾಯವಾಗದು. ಚಾಲುಕ್ಯ ಉತ್ಸವದಂಥ ಸರಕಾರಿ ಸಂಭ್ರಮಗಳು ನಾಡಿನ ಸಂಗೀತ ನೃತ್ಯಗಳನ್ನು ಈ ಊರುಗಳಿಗೆ ತಂದಿವೆ, ಆ ಉಪಕಾರ ದೊಡ್ಡದು. ಆದರೆ ಅವು ನಡೆದರೆ ನಡೆದವು, ಇಲ್ಲದಿದ್ದರೆ ಇಲ್ಲ. ವೇದಿಕೆ ಬಿಚ್ಚಿದ ಮೇಲೆ ಊರಿನಲ್ಲಿ ಕೆಲಸ ಉಳಿಯುವುದಿಲ್ಲ.

ಹಾಗಾದರೆ ಜಾಗ ಎಲ್ಲಿ? ಇಳಕಲ್ಲಿನ, ಗುಳೇದಗುಡ್ಡದ, ಕಮತಗಿಯ ಮಗ್ಗದ ಮನೆಗಳು ಇವೆ, ಅವುಗಳಲ್ಲಿ ಎಷ್ಟೋ ಮಗ್ಗಗಳು ಸುಮ್ಮನಾಗಿವೆ. ಬಾದಾಮಿಯ ಬಳಿ ಕನ್ನಡ ವಿಶ್ವವಿದ್ಯಾಲಯದ ಶಿಲ್ಪಕಲೆಯ ಕೇಂದ್ರವಿದೆ. ಹುನಗುಂದ ಇಳಕಲ್ಲುಗಳ ನಡುವೆ ಕಲ್ಲು ತೆಗೆದು ಬಿಟ್ಟ ಹೊಂಡಗಳಿವೆ. ಬಾಗಲಕೋಟೆಯಲ್ಲಿ ಇನ್ನೂ ಒಂದು ಜಾಗವಿದೆ, ಅದರ ಬಗ್ಗೆ ಮಾತಾಡುವಾಗ ಎಚ್ಚರ ಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು, ಜನ ನವನಗರಕ್ಕೆ ಹೋದರು. ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಬೇಕಾದ ಯೋಜನೆಯ ನೆರಳಿನಲ್ಲಿ ಉಳಿದ ಭಾಗದ ಸಂಸಾರಗಳು ವರ್ಷಗಟ್ಟಲೆ ಕಾದಿವೆ. ಊರು ಕಳಕೊಳ್ಳುವುದು ಎಂದರೇನು ಎಂಬ ಪ್ರಶ್ನೆಯನ್ನು ಇಂದು ಜಗತ್ತಿನ ಎಷ್ಟೋ ಕಲಾವಿದರು ಕೇಳುತ್ತಿದ್ದಾರೆ. ಆ ಪ್ರಶ್ನೆಯನ್ನು ಬದುಕಿ ನೋಡಿದವರು ಇಲ್ಲಿದ್ದಾರೆ. ಅವರ ನಷ್ಟವನ್ನು ನೋಟದ ವಸ್ತುವಾಗಿಸದೆ, ಹೇಳುವ ಹಕ್ಕನ್ನು ಅವರಿಗೇ ಬಿಟ್ಟರೆ ಮಾತ್ರ ಹಳೆಯ ಊರಿನ ಗೋಡೆಗಳನ್ನು ಮೇಳ ಮುಟ್ಟಬಹುದು.

ಇಲ್ಲಿನ ಜನಕ್ಕೆ ಇಂಥ ಮೇಳ ಪರಕೀಯವಾದೀತೆಂಬ ಅನುಮಾನಕ್ಕೆ ಬನಶಂಕರಿ ಜಾತ್ರೆಯೇ ಉತ್ತರ. ಪ್ರತಿ ವರ್ಷ ಬನದ ಹುಣ್ಣಿಮೆಯ ತೇರಿನ ನಂತರ ವಾರಗಟ್ಟಲೆ ನಡೆಯುವ ಆ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರು ಕಟ್ಟುತ್ತವೆ. ರಾತ್ರಿಯೆಲ್ಲ ಆಟ, ಮಗ್ಗುಲಲ್ಲೇ ಮರದ ಬಾಗಿಲು ಚೌಕಟ್ಟುಗಳ ಮಾರಾಟ. ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿ ರಂಗಭೂಮಿಯಲ್ಲಿ ಮೆರೆದು ಆಮೇಲೆ ಸಿನಿಮಾ ಆಯಿತು. ಟಿಕೆಟ್ಟು ಕೊಂಡು ಕಲೆ ನೋಡುವ, ಮೆಚ್ಚದಿದ್ದರೆ ಎದ್ದು ಹೋಗುವ, ಮೆಚ್ಚಿದರೆ ಮರುದಿನ ಮನೆಮಂದಿಯನ್ನೆಲ್ಲ ಕರೆತರುವ ಪ್ರೇಕ್ಷಕರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ತಾತ್ಕಾಲಿಕ ಕಲಾನಗರಿಯನ್ನು ಕಟ್ಟಿ, ನಡೆಸಿ, ಬಿಚ್ಚುವ ವಿದ್ಯೆ ಗೊತ್ತಿರುವ ಬಡಗಿಗಳೂ ಪರದೆ ಬರೆಯುವವರೂ ದೀಪದವರೂ ಇದ್ದಾರೆ. ಕೊಚ್ಚಿಯಿಂದ ತಂತ್ರಜ್ಞರನ್ನು ಕರೆಸುವ ಮೊದಲು ಇವರನ್ನು ಕೇಳಬೇಕು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನೇಕಾರನಿಗೆ ಸರಿಯಾದ ಕೂಲಿ ಇಲ್ಲ, ಮಗ್ಗದ ಮನೆಯ ಮಕ್ಕಳು ಬೇರೆ ಕೆಲಸ ಹುಡುಕಿ ಗುಳೆ ಹೋಗುತ್ತಿದ್ದಾರೆ, ಇಂಥ ಹೊತ್ತಿನಲ್ಲಿ ಮೇಳಕ್ಕೆ ಹಣ ಸುರಿಯುವುದು ಸರಿಯೆ? ಬಾದಾಮಿಯನ್ನು 2015ರ ಹೃದಯ್ ಯೋಜನೆಯ ಹನ್ನೆರಡು ಪರಂಪರೆಯ ನಗರಗಳಲ್ಲಿ ಒಂದಾಗಿ ಆರಿಸಿದಾಗಲೂ ಹಣ ಬಂದದ್ದು ಮುಖ್ಯವಾಗಿ ರಸ್ತೆ, ದೀಪ, ಸೌಲಭ್ಯಗಳಿಗೆ. ಮೇಳ ಬಂದರೆ ಜಾಗದ ಬೆಲೆ ಏರಿ ಮಗ್ಗದ ಮನೆಯೇ ಹೋಟೆಲಾದೀತು ಎಂಬ ಭಯವೂ ಸುಳ್ಳಲ್ಲ. ನನ್ನ ಉತ್ತರ ಖರ್ಚಿನ ಕ್ರಮಕ್ಕೆ ಸಂಬಂಧಿಸಿದ್ದು. ಮೊದಲ ಮೂರು ವರ್ಷ ಮೇಳವೇ ಬೇಡ. ಆ ಮೂರು ವರ್ಷದ ಹಣವನ್ನು ಕೃತಿ ಮಾಡಿಸುವುದಕ್ಕೆ ಕೊಡಲಿ: ಇಷ್ಟು ಮಗ್ಗಗಳಿಗೆ, ಇಷ್ಟು ಕಲ್ಲುಕುಟಿಗರಿಗೆ, ಇಷ್ಟು ರಂಗದ ಬಡಗಿಗಳಿಗೆ ವರ್ಷಪೂರ್ತಿ ಕೆಲಸ, ಜೊತೆಗೆ ಹೊರನಾಡಿನ ಕಲಾವಿದರು ತಿಂಗಳುಗಟ್ಟಲೆ ಬಂದು ಇದ್ದು ಕಲಿಯುವ ಏರ್ಪಾಡು. ಮಗ್ಗದ ಮನೆಗಳನ್ನು ಬಾಡಿಗೆಗೆ ಹಿಡಿಯುವಾಗ ಮಾಲೀಕ ನೇಕಾರನೇ ಆಗಿರಬೇಕು, ಕರಾರು ದೀರ್ಘಾವಧಿಯದಾಗಿರಬೇಕು. ಆಯ್ಕೆ ಸಮಿತಿಯಲ್ಲಿ ಅರ್ಧ ಜನ ಈ ಊರುಗಳವರೇ ಇರಬೇಕು, ಅವರಲ್ಲಿ ಕೊಂಡಿ ಹಾಕುವ ಹೆಂಗಸರಿರಬೇಕು. ನಾಲ್ಕನೆಯ ವರ್ಷ, ಜಾತ್ರೆಯ ಥಿಯೇಟರುಗಳು ಬಿಚ್ಚುವ ಮೊದಲು, ಬೇಸಿಗೆಯ ಝಳ ಏರುವ ಮೊದಲು, ಮಾಡಿದ್ದನ್ನು ಜಗತ್ತಿಗೆ ತೋರಿಸಲಿ. ಪ್ರತಿ ಕೃತಿಯ ಪಕ್ಕದ ಫಲಕ ಮೊದಲು ಕನ್ನಡದಲ್ಲಿ, ಆಮೇಲೆ ಬೇರೆ ಭಾಷೆಗಳಲ್ಲಿ ಇರಲಿ. ಅದರಲ್ಲಿ ಯೋಚಿಸಿದವರ, ನೇಯ್ದವರ, ಕೊಂಡಿ ಹಾಕಿದವರ, ಕಲ್ಲು ಸೀಳಿದವರ ಹೆಸರುಗಳು ಒಂದೇ ಅಳತೆಯ ಅಕ್ಷರದಲ್ಲಿರಲಿ. ಹಣ ಕೊಟ್ಟವರ ಹೆಸರು ಅವುಗಳ ಕೆಳಗೆ ಬರಲಿ.